ಮೂವತ್ತೊಂದರ ಮುಖ

ಜನವರಿ 4

ಮುಖಮಂಡಲಗಳ ಚಕ್ರವರ್ತಿನಿಯಾದ ಅತ್ತೆಯವರ ದಿವ್ಯ ಪಾದಗಳಿಗೆ,

ತಮ್ಮ ಸ್ವಂತ ತಮ್ಮನ ಏಕಮಾತ್ರ ಪುತ್ರಿಯೂ, ಬಂಧುಬಳಗದಲ್ಲಿ ‘ಕೋತಿ’ ಎಂಬ ಬಿರುದು ಪಡೆದವಳೂ ಆದ ನಾನು ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಲಸ ಸಿಕ್ಕಿದೆ. ಎಲ್ಲಿ ಎಂದು ಕೇಳಿ. ಬೇಡ, ಮೊದಲು ಕೂತುಕೊಳ್ಳಿ. ಟೀವಿ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ, ತಾವು ಇಪ್ಪತ್ತೈದು ವರ್ಷ ನಿಂತಿದ್ದ ಕುರ್ಚಿಯ ಹಿಂದೆ!

ಆ ಕುರ್ಚಿಯ ಹಿಂದಿನ ನೆಲ ತಮ್ಮ ಎರಡು ಪಾದದಷ್ಟು ಸವೆದು ನುಣುಪಾಗಿದೆ. ನನ್ನ ಕಾಲಿಟ್ಟರೆ ಸುತ್ತ ಇನ್ನೂ ಜಾಗ ಮಿಗುತ್ತದೆ. ತಮ್ಮ ಪಾದ ಇಷ್ಟು ವಿಶಾಲವಾದದ್ದೆಂದು ನಮ್ಮ ವಂಶದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮೇಜಿನ ಖಾನೆಯಲ್ಲಿ ಹಲ್ಲಿನ ಗುರುತಿರುವ ಹುಬ್ಬಿನ ಪೆನ್ಸಿಲ್ ಸಿಕ್ಕಿತು. ಅದನ್ನು ಸ್ಮಾರಕವೆಂದು ಘೋಷಿಸಿ ಕನ್ನಡಿಯ ಮುಂದೆ ಪ್ರತಿಷ್ಠಾಪಿಸಿದ್ದೇನೆ.

ಇನ್ನು ಮುಖ್ಯ ವಿಷಯ. ಎರಡು ವರ್ಷದ ಹಿಂದೆ ತಮ್ಮನ್ನು ಒಂದೂ ಮಾತಿಲ್ಲದೆ ಆ ಕೋಣೆಯಿಂದ ಕಳಿಸಿದ ಮಹಾತಾಯಿ, ಸಂಜೆ ಏಳರ ವಾರ್ತೆ ಓದುವ ಮೇಡಂ, ಈಗ ದಿನಾ ಐದೂವರೆಗೆ ನನ್ನ ಮುಂದೆ ಬಂದು ಕೂರುತ್ತಾರೆ. ನಾನು ಸೇಡಿನ ಪ್ರತಿಜ್ಞೆ ಮಾಡಿದ್ದೇನೆ. ಮೊದಲ ದಿನವೇ ಕುರ್ಚಿಯ ತಿರುಪು ಸಡಿಲಿಸಿಟ್ಟೆ. ಅವರು ಕೂತರು, ಕುರ್ಚಿ ನಿಧಾನವಾಗಿ ಪಾತಾಳಕ್ಕೆ ಇಳಿಯಿತು. ಗಲ್ಲ ಮೇಜಿನ ಮಟ್ಟಕ್ಕೆ ಬಂದಾಗ ಅವರು ಹೇಳಿದ್ದು ಇಷ್ಟೇ: ನಿಮ್ಮತ್ತೆಯೂ ಮೊದಲ ದಿನ ಇದನ್ನೇ ಮಾಡಿದ್ದಳು.

ನಿಜವೇ?

ಫೋನ್ ಮಾಡಿದರೆ ತಾವು ಎತ್ತುವುದಿಲ್ಲ. ಆದ್ದರಿಂದ ಈ ಪುರಾತನ ಮಾರ್ಗ.

ಇತಿ ತಮ್ಮ ಆಜ್ಞಾಧಾರಕಳು,
ಕೋತಿ


ಜನವರಿ 17

ಕೋತಿಗೆ,

ಪತ್ರ ತಲುಪಿತು. ಒಳ್ಳೆಯದಾಯಿತು. ಬ್ರಷ್ಷುಗಳನ್ನು ದಿನಾ ತೊಳೆ, ತಲೆಕೆಳಗಾಗಿ ಒಣಗಿಸು. ತಿರುಪಿನ ಆಟ ನಿಲ್ಲಿಸು.

ಅವಳ ವಿಷಯ ನನಗೆ ಬರೆಯಬೇಡ.

ಅತ್ತೆ


ಫೆಬ್ರವರಿ 2

ಮಿತಭಾಷಿಣಿಯಾದ ಅತ್ತೆಯವರಿಗೆ,

ತಮ್ಮ ಪತ್ರದ ಸಾಲುಗಳು ಎಡದಿಂದ ಹೊರಟು ಬಲಕ್ಕೆ ಬರುವಷ್ಟರಲ್ಲಿ ಬೆಟ್ಟ ಇಳಿದುಬಿಟ್ಟಿದ್ದವು. ಕೊನೆಯ ಸಾಲು ಕಾಗದದಿಂದ ಬೀಳದಂತೆ ಕೈಯೊಡ್ಡಿ ಓದಿದೆ. ಬಸ್ಸಿನಲ್ಲಿ ಕೂತು ಬರೆದಿರಾ?

ತಮ್ಮ ಆಜ್ಞೆಯಂತೆ ಅವರ ವಿಷಯ ಬರೆಯುವುದಿಲ್ಲ. ಇಗೋ, ನಿಲ್ಲಿಸಿದೆ. ಬದಲಿಗೆ ಒಂದು ಗೋಡೆಯ ವಿಷಯ ಬರೆಯುತ್ತೇನೆ. ಗೋಡೆಯ ಬಗ್ಗೆ ತಮಗೆ ದ್ವೇಷವಿರಲಿಕ್ಕಿಲ್ಲ.

ಈ ಗೋಡೆಗೆ ಐವತ್ತೆಂಟು ವರ್ಷ. ಒಳ್ಳೆಯ ಗೋಡೆ, ನೆಟ್ಟಗೆ ನಿಂತಿದೆ. ಆದರೆ ನಾನು ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಏಳು ಗಂಟೆಯ ದೀಪ ಬಿದ್ದ ಕೂಡಲೇ ಬಿರುಕುಗಳೆಲ್ಲ ಎದ್ದು ಕಾಣುತ್ತವೆ. ಪೌಡರ್ ಹಾಕಿದಷ್ಟೂ ಹೆಚ್ಚು. ಕಿಟಕಿಗಳ ಮೇಲಿನ ಸಜ್ಜಾ ಸ್ವಲ್ಪ ಜಗ್ಗಿದೆ, ಗೆರೆ ಎಳೆದರೆ ಮಡಿಕೆಯೊಳಗೆ ಮಾಯವಾಗುತ್ತದೆ. ಬಾಗಿಲಿನ ಕೆಂಪು ಸುತ್ತಲಿನ ಸಣ್ಣ ಸೀಳುಗಳಿಗೆ ಹರಿಯುತ್ತದೆ. ಸ್ಟುಡಿಯೋದ ದೊಡ್ಡವರು ಮೊನ್ನೆ ನನ್ನ ಹಿಂದೆ ಬಂದು ನಿಂತು, ಗೋಡೆ ಹಳೆಯದಾಯಿತು, ಬೇರೆ ಗೋಡೆ ನೋಡೋಣ ಎಂದು ಗೋಡೆಗೆ ಕೇಳುವ ಹಾಗೆಯೇ ಹೇಳಿ ಹೋದರು. ಗೋಡೆ ಕಣ್ಣು ಮುಚ್ಚಿಕೊಂಡಿತ್ತು. ರೆಪ್ಪೆ ಮಾತ್ರ ಅಲುಗಿತು.

ನಾನು ಸೇಡು ತೀರಿಸಲು ಬಂದವಳು, ನನಗೇಕೆ ಸಂಕಟವಾಗಬೇಕು? ಗೊತ್ತಿಲ್ಲ. ಗೋಡೆಗೆ ಏನು ಮಾಡಲಿ, ಹೇಳಿ.

ಕೋತಿ


ಫೆಬ್ರವರಿ 15

ಕೋತಿಗೆ,

ಗೋಡೆಗೆ ಮೊದಲು ನೀರು ಕುಡಿಸಬೇಕು. ತೇವದ ಕೆನೆ ಹಚ್ಚಿ ಹತ್ತು ನಿಮಿಷ ಬಿಡು. ನಿನಗೆ ಆ ಹತ್ತು ನಿಮಿಷದ ತಾಳ್ಮೆ ಇಲ್ಲ, ಅದಕ್ಕೇ ಎಲ್ಲ ಹಾಳಾಗುತ್ತಿದೆ.

ಫೌಂಡೇಶನ್ ತೆಳ್ಳಗೆ, ಬೇಕಾದ ಕಡೆ ಮಾತ್ರ. ಬ್ರಷ್ ಬೇಡ, ಸ್ಪಂಜೂ ಬೇಡ. ಬೆರಳಿನಲ್ಲಿ ಬಿಸಿ ಮಾಡಿ ಒತ್ತು. ಉಜ್ಜಬಾರದು, ಒತ್ತಬೇಕು. ವಯಸ್ಸಾದ ಚರ್ಮ ಎಳೆದ ಕಡೆ ಬರುತ್ತದೆ, ಆಮೇಲೆ ತಿರುಗಿ ಹೋಗುವುದಿಲ್ಲ. ಪೌಡರ್ ಮೂಗಿನ ಎರಡು ಪಕ್ಕಕ್ಕೆ ಚಿಟಿಕೆ, ಬೇರೆಲ್ಲೂ ಇಲ್ಲ. ಅದು ಗೆರೆಯನ್ನು ಮುಚ್ಚುವುದಿಲ್ಲ, ಗೆರೆಯೊಳಗೆ ಹೋಗಿ ಕೂರುತ್ತದೆ.

ಕೆನ್ನೆಯ ಬಣ್ಣ ಮೊದಲು ಹಚ್ಚುತ್ತಿದ್ದ ಜಾಗದಲ್ಲಿ ಹಚ್ಚಬೇಡ. ಕೆನ್ನೆ ಇಳಿದಿರುತ್ತದೆ. ಒಂದು ಬೆರಳು ಮೇಲಕ್ಕೆ, ಕಿವಿಯ ಕಡೆಗೆ. ಕಣ್ಣಿಗೆ ಕಪ್ಪು ಬೇಡ, ಕಂದು. ಕಣ್ಣು ತೆರೆದಿರುವಾಗಲೇ ಗೆರೆ ಎಳೆ, ರೆಪ್ಪೆ ಇಳಿಯಲು ಶುರುವಾಗುವ ಮೊದಲೇ ನಿಲ್ಲಿಸು. ತುಟಿಗೆ ಮೊದಲು ಅಂಚು ಕಟ್ಟು, ಆಮೇಲೆ ಬಣ್ಣ ತುಂಬು.

ಇರುವುದನ್ನು ಮುಚ್ಚಲು ಹೋಗಬೇಡ.

ಇದೆಲ್ಲ ನಾನು ಮಾಡಿದ್ದಲ್ಲ. ಮಾಡಬೇಕಾಗಿದ್ದದ್ದು.

ಅತ್ತೆ


ಮಾರ್ಚ್ 9

ಗುರುಗಳಿಗೆಲ್ಲ ಗುರುವಾದ ಅತ್ತೆಯವರಿಗೆ,

ಮೊದಲಿಗೆ ಅಭಿನಂದನೆ. ಈ ಸಲ ಸಾಲುಗಳು ಅಳತೆಗೋಲು ಹಿಡಿದಂತೆ ನೆಟ್ಟಗಿದ್ದವು. ಬಸ್ಸಿನಿಂದ ಇಳಿದಿರೆಂದು ಭಾವಿಸುತ್ತೇನೆ.

ತಮ್ಮ ಸೂತ್ರಗಳನ್ನು ಒಂದೂ ಬಿಡದೆ ಪಾಲಿಸಿದೆ. ಹತ್ತು ನಿಮಿಷ ಸುಮ್ಮನೆ ಕೂತೆ. ಇದನ್ನು ನನ್ನಮ್ಮನಿಗೆ ಹೇಳಬೇಡಿ, ಕೇಳಿದರೆ ಆಕೆ ದಿನಾ ಹಾಗೆ ಕೂರಿಸಿಬಿಡುತ್ತಾಳೆ. ಮುಗಿದ ಮೇಲೆ ಗೋಡೆ ಕನ್ನಡಿಯನ್ನು ಬಹಳ ಹೊತ್ತು ನೋಡಿ, ಇದು ಯಾರು ಹೇಳಿಕೊಟ್ಟದ್ದು ಎಂದು ಕೇಳಿತು. ಪುಸ್ತಕದಲ್ಲಿ ಓದಿದೆ ಎಂದೆ. ಯಾವ ಪುಸ್ತಕ ಎಂದಿತು. ತುಂಬಾ ದಪ್ಪದ್ದು, ಕೋಪಿಷ್ಠ ಪುಸ್ತಕ, ಪಾದ ದೊಡ್ಡದು ಎಂದೆ. ಗೋಡೆ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಬಿಟ್ಟಿತು, ಅಷ್ಟೇ.

ಆದರೆ ತಡವಾಯಿತು. ಮೇ 29ಕ್ಕೆ ಗೋಡೆಯ ಕೊನೆಯ ವಾರ್ತೆ ಎಂದು ತೀರ್ಮಾನವಾಗಿದೆ. ಮೂವತ್ತರೊಳಗಿನ ಹೊಸ ಗೋಡೆ ಬಂದಾಗಿದೆ. ಅದಕ್ಕೆ ನಾನು ಏನು ಹಚ್ಚಿದರೂ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಕೆಲಸದಲ್ಲಿ ಸ್ವಾರಸ್ಯವೇ ಇಲ್ಲ.

ಗೋಡೆಯ ಇತ್ತೀಚಿನ ಫೋಟೋ ಲಗತ್ತಿಸಿದೆ. ಗಂಭೀರವಾಗಿ ಪರಿಶೀಲಿಸಿ ತಮ್ಮ ಅಭಿಪ್ರಾಯ ದಯಪಾಲಿಸಬೇಕು.

ಕೋತಿ


ಮಾರ್ಚ್ 20

ಕೋತಿಗೆ,

ಫೋಟೋ ನೋಡಿದೆ.

ಅವಳು ಚೆನ್ನಾಗಿದ್ದಾಳೆ. ಏನೂ ಬದಲಾಗಿಲ್ಲ. ಬಲಗಡೆ ಹುಬ್ಬಿನ ತುದಿ ಇನ್ನೂ ಹಾಗೆಯೇ ಮೇಲಕ್ಕಿದೆ. ನೀನು ಕೆಲಸ ಕಲಿತಿದ್ದೀಯ.

ಅತ್ತೆ


ಮಾರ್ಚ್ 24

ನಮ್ಮ ಅತ್ತೆಯ ಮನೆಯ ಕೆಳಗಿನ ಹೊಲಿಗೆ ಅಂಗಡಿಯವರಿಗೆ,

ನೀವು ನನ್ನನ್ನು ನೋಡಿಲ್ಲ. ಮೇಲಿನ ಎರಡು ಕೋಣೆಯಲ್ಲಿರುವವರ ತಮ್ಮನ ಮಗಳು ನಾನು. ಈ ಪತ್ರದ ವಿಷಯ ಅವರಿಗೆ ತಿಳಿಯದಂತೆ ಉತ್ತರ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಹದಿನೈದು ದಿನದ ಹಿಂದೆ ನಾನು ಅವರಿಗೆ ಒಂದು ಫೋಟೋ ಕಳಿಸಿದೆ. ಅವರ ಹಳೆಯ ಗೆಳತಿಯದೆಂದು ಹೇಳಿ ಕಳಿಸಿದೆ. ಅದು ನನ್ನದೇ ಫೋಟೋ. ತಲೆಗೆ ಹಿಟ್ಟು ಸುರಿದುಕೊಂಡು, ಹಣೆಗೆ ಆರು ಗೆರೆ ಬರೆದು, ಮೂಗಿನ ತುದಿಗೆ ಕಡಲೆಕಾಳಿನಷ್ಟು ನರೂಲಿ ಅಂಟಿಸಿ, ಮುಂದಿನ ಎರಡು ಹಲ್ಲಿಗೆ ಕಪ್ಪು ಬಳಿದು ತೆಗೆಸಿದ್ದು. ನೋಡಿದ ತಕ್ಷಣ ನನಗೆ ನಾಲ್ಕು ಪುಟ ಬೈಗುಳ ಬರುತ್ತದೆ, ಬೈಯುವ ನೆಪದಲ್ಲಾದರೂ ಆ ಗೆಳತಿಯ ಮಾತು ಬರುತ್ತದೆ ಎಂದುಕೊಂಡಿದ್ದೆ.

ಅವಳು ಚೆನ್ನಾಗಿದ್ದಾಳೆ, ಏನೂ ಬದಲಾಗಿಲ್ಲ ಎಂದು ಬರೆದಿದ್ದಾರೆ.

ಅವರ ಕಣ್ಣಿಗೆ ಏನಾಗಿದೆ, ದಯವಿಟ್ಟು ಹೇಳಿ.


ಮಾರ್ಚ್ 31

ಮಗಳೇ,

ನಾನು ಬಟ್ಟೆ ಹೊಲಿಯುವವನು, ಬರವಣಿಗೆ ಅಷ್ಟು ಬಾರದು. ತಪ್ಪಿದ್ದರೆ ಕ್ಷಮಿಸು.

ನಿನ್ನ ಪತ್ರಗಳನ್ನೆಲ್ಲ ಅವರಿಗೆ ಓದಿ ಹೇಳುವವನು ನಾನೇ. ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಇಳಿದು ಬರುತ್ತಾರೆ, ಇಸ್ತ್ರಿ ಮೇಜಿನ ಪಕ್ಕ ಕೂರುತ್ತಾರೆ. ಸಾಲು ಬೆಟ್ಟ ಇಳಿಯಿತು ಎಂದು ನೀನು ಬರೆದದ್ದನ್ನು ಓದಬೇಕೋ ಬೇಡವೋ ಎಂದು ಒಂದು ಗಳಿಗೆ ನಿಂತೆ. ನಿಲ್ಲಿಸಿದ್ದು ಗೊತ್ತಾಗಿ, ಇದ್ದದ್ದನ್ನು ಓದಿ ಎಂದರು. ಓದಿದೆ. ನಕ್ಕರು. ಮರುದಿನ ನಾನು ಹಾಳೆಯಳತೆಯ ಒಂದು ರಟ್ಟಿನಲ್ಲಿ ಸಾಲಿಗೊಂದರಂತೆ ಸೀಳು ಕತ್ತರಿಸಿ ಕೊಟ್ಟೆ. ಅದನ್ನು ಕಾಗದದ ಮೇಲಿಟ್ಟು ಸೀಳಿನೊಳಗೆ ಬರೆಯುತ್ತಾರೆ.

ಅವರಿಗೆ ನೋಟದ ನಟ್ಟನಡುವೆ ಇರುವುದು ಕಾಣುವುದಿಲ್ಲ. ಅಂಚು ಮಾತ್ರ ಕಾಣುತ್ತದೆ. ಮೆಟ್ಟಿಲು ಇಳಿಯುತ್ತಾರೆ, ಸೂಜಿ ಬಿದ್ದರೆ ತಡಕಿ ಹುಡುಕಿಕೊಡುತ್ತಾರೆ. ಮುಖ ಮಾತ್ರ ಕಾಣುವುದಿಲ್ಲ. ಮೂರು ನಾಲ್ಕು ವರ್ಷ ಆಯಿತಂತೆ. ವೈದ್ಯರು ಹೋದದ್ದು ತಿರುಗಿ ಬರುವುದಿಲ್ಲ ಎಂದಿದ್ದಾರಂತೆ. ನಾನು ನೋಡಲು ಹೇಗಿದ್ದೇನೆ ಎಂದು ಇಲ್ಲಿಯವರೆಗೂ ಅವರಿಗೆ ಗೊತ್ತಿಲ್ಲ. ಅದರಿಂದ ನನಗೇನೂ ನಷ್ಟವಿಲ್ಲ, ನೋಡುವಂಥದ್ದೇನಿಲ್ಲ.

ಫೋಟೋ ಮಾತ್ರ ನನ್ನ ಕೈಗೆ ಕೊಡಲಿಲ್ಲ. ಎರಡು ದಿನ ಕಿಟಕಿಯ ಹತ್ತಿರ ಕೂತು, ಓರೆಯಾಗಿ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಈಗ ಅದು ಅವರ ದಿಂಬಿನ ಕೆಳಗಿದೆ.

ಮೇಲುಕೋಣೆಯವರಿಗೆ ಇದನ್ನು ನಾನು ಬರೆದೆ ಎಂದು ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಹೊಲಿಗೆಯವನು


ಏಪ್ರಿಲ್ 7

ಅತ್ತೆ,

ಹೊಲಿಗೆಯವರೇ, ಇದನ್ನು ನಿಧಾನವಾಗಿ ಓದಿ. ಬೇಡವೆಂದರೂ ಪೂರ್ತಿ ಓದಿ.

ಆ ಫೋಟೋ ಮೇಡಂ ಅವರದಲ್ಲ, ನನ್ನದು. ಮೂಗಿಗೆ ನರೂಲಿ ಅಂಟಿಸಿಕೊಂಡ ಮುದುಕಿಯ ವೇಷ. ಇಂಥ ಕೆಟ್ಟ ಆಟ ನಾನು ಇನ್ನೊಂದು ಆಡಿಲ್ಲ. ಕ್ಷಮಿಸಿ ಎಂದು ಬರೆಯಲು ಒಳ್ಳೆಯ ಗಂಭೀರ ಶಬ್ದಗಳನ್ನು ಹುಡುಕಿದೆ. ನನ್ನ ಹತ್ತಿರ ಇದ್ದದ್ದೆಲ್ಲ ತಮಾಷೆಗೆ ಖರ್ಚಾಗಿಹೋಗಿದೆ.

ಅವರಿಗೆ ಹೇಳಿದೆ. ಕೆನೆ ಹಚ್ಚಿ ಹತ್ತು ನಿಮಿಷ ಬಿಟ್ಟಿದ್ದಾಗ ಹೇಳಿದೆ, ಎದ್ದು ಹೋಗಲಾರರು ಎಂದು. ಅತ್ತೆಗೆ ಮುಖಗಳು ಕಾಣುವುದಿಲ್ಲ ಎಂದೆ. ಅವರು ಕಣ್ಣು ತೆರೆಯಲಿಲ್ಲ.

“ಗೊತ್ತು,” ಅಂದರು. “ಅವಳು ಇಲ್ಲಿ ಇದ್ದಾಗಲೇ ಗೊತ್ತಿತ್ತು.”

ಆಮೇಲೆ ಹೇಳಿದ್ದನ್ನು ಕೇಳಿದಂತೆಯೇ ಬರೆಯುತ್ತೇನೆ. ಕೊನೆಯ ವರ್ಷ ನೀವು ಹಚ್ಚುತ್ತಿದ್ದದ್ದು ಅವರ ಮುಖಕ್ಕಲ್ಲವಂತೆ. ಕೆನ್ನೆ ಇಲ್ಲದ ಜಾಗದಲ್ಲಿ ಕೆನ್ನೆಯ ಬಣ್ಣ, ರೆಪ್ಪೆ ಮುಗಿದ ಮೇಲೂ ಕಪ್ಪು ಗೆರೆ. ನೀವು ಮೊದಲು ನೋಡಿದ ಮೂವತ್ತೊಂದು ವರ್ಷದ ಮುಖವನ್ನು ತಪ್ಪಿಲ್ಲದೆ ದಿನಾ ಬರೆಯುತ್ತಿದ್ದಿರಂತೆ. ಮುಗಿಸಿ ಹೇಗಿದೆ ಎಂದು ನೀವು ಕೇಳುವುದು, ಚೆನ್ನಾಗಿದೆ ಎಂದು ಅವರು ಹೇಳುವುದು. ಆಮೇಲೆ ಹಿಂದಿನ ಬಚ್ಚಲಿಗೆ ಹೋಗಿ ತೊಳೆದುಕೊಂಡು ಐದು ನಿಮಿಷದಲ್ಲಿ ತಾವೇ ಏನೋ ಹಚ್ಚಿಕೊಂಡು ವಾರ್ತೆಗೆ ಕೂರುವುದು. ಒಂದು ವರ್ಷ ಹೀಗೆ. ಒಂದು ದಿನ ತುರ್ತು ಸುದ್ದಿ ಬಂದು ಬಚ್ಚಲಿಗೆ ಹೋಗಲು ಹೊತ್ತಿರಲಿಲ್ಲ. ಹಾಗೆಯೇ ಕೂತರು. ಊರೆಲ್ಲ ನಕ್ಕಿತು.

ದೊಡ್ಡವರು ಕೇಳಿದಾಗ ನಿಮ್ಮ ಕಣ್ಣಿನ ವಿಷಯ ಹೇಳದೆ, ನನಗೆ ಬೇರೆಯವರು ಬೇಕು ಎಂದರಂತೆ. ನಿಮಗೂ ಹೇಳಲಿಲ್ಲ. ಯಾಕೆ ಎಂದು ಕೇಳಿದೆ.

“ಕಣ್ಣು ಹೋಯ್ತು ಅನ್ನೋದಕ್ಕಿಂತ ನಾನು ಕೆಟ್ಟವಳು ಅನ್ನೋದು ಅವಳಿಗೆ ಸುಲಭ ಅಂದ್ಕೊಂಡೆ,” ಅಂದರು.

ಮೇ 29ರ ಕೊನೆಯ ವಾರ್ತೆಗೆ ನೀವು ಬರಬೇಕು, ನೀವೇ ಹಚ್ಚಬೇಕು. ಇದು ಅವರ ಮಾತಲ್ಲ, ನನ್ನದು. ನಾನು ಬಂದು ಕರೆದುಕೊಂಡು ಹೋಗುತ್ತೇನೆ.

ನಿಮ್ಮ ತಮ್ಮನ ಮಗಳು


ಮೇ 11

ತಮ್ಮನ ಮಗಳಿಗೆ,

ಉತ್ತರ ತಡವಾಯಿತು. ಐದು ಸಲ ಬರೆಯಲು ಕೂತೆ.

ಅವಳಿಗೆ ಗೊತ್ತಿತ್ತು. ಸುಮ್ಮನಿದ್ದಳು. ಒಂದು ವರ್ಷ ನನ್ನ ಮುಂದೆ ಕೂತು, ಚೆನ್ನಾಗಿದೆ ಎಂದು ಹೇಳಿ, ಎದ್ದು ಹೋಗಿ ತೊಳೆದುಕೊಂಡಳು. ಹಾಗಾದರೆ ಆ ವರ್ಷವೆಲ್ಲ ನಾನು ಯಾರಿಗೆ ಬಣ್ಣ ಹಚ್ಚಿದೆ?

ನಾನೂ ಹೇಳಲಿಲ್ಲ, ನಿಜ. ಹೇಳಿದರೆ ಕುರ್ಚಿ ಹೋಗುತ್ತಿತ್ತು, ಸಂಜೆ ಐದೂವರೆ ಹೋಗುತ್ತಿತ್ತು. ಆ ಹೊತ್ತಿಗೆ ಅವಳು ಬಂದು ಕಣ್ಣು ಮುಚ್ಚಿ ಕೂರುತ್ತಿದ್ದಳು, ಮನೆಯ ಕಥೆಯೆಲ್ಲ ಹೇಳುತ್ತಿದ್ದಳು. ಮುಖ ಮಸುಕಾದ ಮೇಲೆ ದನಿಗೇ ಹಚ್ಚುತ್ತಿದ್ದೆ. ದನಿಗೆ ವಯಸ್ಸಾಗಿರಲಿಲ್ಲ.

ಅವಳ ಮುಖಕ್ಕೆ ವಯಸ್ಸಾದದ್ದನ್ನು ನಾನು ನೋಡಲೇ ಇಲ್ಲ. ನಿನ್ನ ನರೂಲಿಯ ಫೋಟೋ ತೋರಿಸಿದರೆ ಅದೇ ಅವಳು ಎನ್ನುತ್ತೇನೆ. ಇಂಥ ಕೈ ಕೊನೆಯ ದಿನಕ್ಕೆ ಬೇಡ.

ಬರುವುದಿಲ್ಲ. ನೀನೂ ಕರೆಯಲು ಬರಬೇಡ.

ಅತ್ತೆ


ಮೇ 30

ಅತ್ತೆ,

ನಿನ್ನೆ ಮುಗಿಯಿತು.

ಸೂತ್ರದಂತೆಯೇ ಹಚ್ಚಿದೆ. ಮುಗಿಸಿ, ತಮ್ಮಂತೆಯೇ ಹೇಗಿದೆ ಎಂದು ಕೇಳಿದೆ. ಅವರು ಬೇರೆಯದೇ ಕೇಳಿದರು: ಅವಳಿಗೆ ಅಂಚಿನಲ್ಲಿ ಮಾತ್ರ ಕಾಣುವುದಾ? ಹೌದು, ನಡುವೆ ಇರುವುದು ಕಾಣುವುದಿಲ್ಲ ಎಂದೆ.

ಕೊನೆಯ ವಾರ್ತೆ ಎಂದಿದ್ದರೂ ಓದಿಸಿದ್ದು ಹೊಸಬಳಿಂದ. ಇವರಿಗೆ ವಿದಾಯಕ್ಕೆ ನಲವತ್ತು ಸೆಕೆಂಡು. ದೀಪ ಬಂದ ಕೂಡಲೇ ಇವರು ಕುರ್ಚಿಯನ್ನು ಎಡಕ್ಕೆ ಸರಿಸಿಕೊಂಡರು, ಮತ್ತೆ ಸರಿಸಿಕೊಂಡರು, ಚಿತ್ರದ ತೀರಾ ಅಂಚಿಗೆ ಹೋದರು. ಅರ್ಧ ಭುಜ ಹೊರಗೇ ಉಳಿಯಿತು. ನಡುವೆ ಬರೀ ಮೇಜು. ಇವರ ಕಿವಿಯ ಇಯರ್‌ಫೋನಿನಲ್ಲಿ ನಿರ್ದೇಶಕರು ಕೂಗುತ್ತಿದ್ದದ್ದು ನನ್ನವರೆಗೂ ಕೇಳಿಸಿತು. ಇವರು ಅಲುಗಲಿಲ್ಲ. ಅಂಚಿನಲ್ಲೇ ಕೂತು ನಮಸ್ಕಾರ ಮಾಡಿ, ಇಷ್ಟು ವರ್ಷ ನನ್ನನ್ನು ನೋಡಿದವರಿಗೆಲ್ಲ ಎಂದು ಹೇಳಿ, ಆ ವಾಕ್ಯ ಮುಗಿಸದೆ ನಿಲ್ಲಿಸಿದರು.

ವಯಸ್ಸಾಯಿತು, ಕ್ಯಾಮೆರಾ ಎಲ್ಲಿದೆ ಎಂದೂ ತಿಳಿಯುವುದಿಲ್ಲ ಎಂದು ಇವತ್ತು ಕಾರಿಡಾರಿನಲ್ಲಿ ನಗುತ್ತಿದ್ದರು. ನಾನು ನಕ್ಕವರಿಬ್ಬರ ಕುರ್ಚಿಯ ತಿರುಪು ಸಡಿಲಿಸಿ ಬಂದಿದ್ದೇನೆ. ಇದಕ್ಕೆ ಬೈಯಬೇಡಿ.

ಟೀವಿ ಹಾಕಿದ್ದಿರಾ?

ಕೋತಿ


ಜೂನ್ 23

ಕೋತಿಗೆ,

ಈ ಅಕ್ಷರ ಯಾರದು ಎಂದು ಆಗಲೇ ಊಹಿಸಿರುತ್ತೀಯ. ನಿನ್ನ ಅತ್ತೆ ಹೇಳುತ್ತಾಳೆ, ನಾನು ಬರೆಯುತ್ತೇನೆ ಎಂದು ಒಪ್ಪಂದವಾಗಿದೆ. ನಡುನಡುವೆ ನನ್ನದನ್ನು ಸೇರಿಸುತ್ತೇನೆ. ಅಂಚೆಗೆ ಹಾಕುವ ಮೊದಲು ಅವಳಿಗೆ ಓದಿ ಹೇಳುವಾಗ ಹೊಲಿಗೆಯವರು ಏನು ಮಾಡುತ್ತಾರೋ ನೋಡೋಣ.

ಬಂದು ನಾಲ್ಕು ದಿನವಾಯಿತು. ಯಾರಿಗೂ ತಿಳಿಸದೆ ಬಂದೆ. ಬಾಗಿಲು ತೆರೆದವಳು ನನ್ನನ್ನು ಬಿಟ್ಟು ಬಾಗಿಲಿನ ಚೌಕಟ್ಟನ್ನು ನೋಡುತ್ತಾ ಯಾರು ಎಂದಳು. ನಾನು ಸಂಜೆ ಏಳರ ವಾರ್ತೆ ಶುರು ಮಾಡುವ ಸಾಲನ್ನು ಹೇಳಿದೆ. ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.

ಮೊದಲ ಎರಡು ದಿನ ಬೈದಳು. ಅದನ್ನು ಬರೆಯಬೇಡ ಎನ್ನುತ್ತಿದ್ದಾಳೆ.

ಟೀವಿ ಹಾಕಿದ್ದರಂತೆ. ಹೊಲಿಗೆಯವರ ಅಂಗಡಿಯಲ್ಲಿ ಕೂತು ನೋಡಿದಳಂತೆ. ನಾನು ಅಂಚಿಗೆ ಸರಿದದ್ದು ಅವಳಿಗೆ ಕಾಣಲಿಲ್ಲ. ಅವಳು ಓರೆಯಾಗಿ ನೋಡುತ್ತಾಳಂತೆ, ಪರದೆಯ ಅಂಚಿಗೆ ಹೋದರೆ ಏನೂ ಪ್ರಯೋಜನವಿಲ್ಲವಂತೆ. ಹುಚ್ಚಿ, ನನ್ನನ್ನು ಕೇಳಬಾರದಿತ್ತೇ ಎಂದಳು. ಅಂಚಿನಲ್ಲಿ ಏನೋ ಇತ್ತು, ಕಿಟಕಿಯ ಪರದೆ ಎಂದುಕೊಂಡೆ ಎಂದಳು.

ಈಗ ಅವಳು ಹೇಳುತ್ತಿದ್ದಾಳೆ: ಕೋತಿ, ನಿನ್ನ ಮುದುಕಿಯ ವೇಷ ಬಹಳ ಕಳಪೆಯಾಗಿದೆಯೆಂದು ಇವಳು ಫೋಟೋ ನೋಡಿ ಹೇಳಿದಳು. ಗೆರೆಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದೀಯಂತೆ. ವಯಸ್ಸು ಗೆರೆಯಲ್ಲ, ನೆರಳು. ಮುಂದಿನ ಸಲ ಬೆರಳಿನಲ್ಲಿ ಹಚ್ಚು.

ಇಲ್ಲಿಯವರೆಗಿನದು ಬೆಳಿಗ್ಗೆ ಬರೆದದ್ದು, ಇನ್ನು ನಾನೇ ಬರೆಯುವುದು.

ಇವತ್ತು ಮಧ್ಯಾಹ್ನ ಅವಳ ಹಳೆಯ ಪೆಟ್ಟಿಗೆ ಹೊರಗೆ ಬಂತು. ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದಳು. ಕೆನೆ ಹಚ್ಚಿ ಹತ್ತು ನಿಮಿಷ ಬಿಟ್ಟಳು. ಆಮೇಲೆ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡು ಬೆರಳುಗಳಲ್ಲಿ ನೋಡಲು ಶುರು ಮಾಡಿದಳು. ಕೆನ್ನೆ ಇಷ್ಟು ಇಳಿದಿದೆಯಾ ಎಂದಳು. ಹಣೆಯ ಮೇಲೆ ಬೆರಳು ನಿಲ್ಲಿಸಿ, ಇದು ಯಾವಾಗ ಬಂತು ಎಂದು ಕೇಳಿದಳು. ಗಂಡ ತೀರಿಕೊಂಡ ವರ್ಷ ಎಂದೆ. ಆ ವರ್ಷ ದಿನಾ ನನ್ನ ಹಣೆಗೆ ಹಚ್ಚಿದವಳು ಅವಳೇ. ಬಾಯಿಯ ಪಕ್ಕದ್ದು? ಅದು ನೀನು ಹೋದ ಮೇಲೆ ಬಂದದ್ದು ಎಂದೆ. ಆ ಜಾಗದಲ್ಲಿ ಬೆರಳು ಬಹಳ ಹೊತ್ತು ಇತ್ತು.

ಹಚ್ಚಿದಳು. ಮುಗಿಸಿ, ಹೇಗಿದೆ ಎಂದು ಕೇಳಿದಳು.

ಹೊಲಿಗೆಯವರ ಕನ್ನಡಿ ನನ್ನ ಮಡಿಲಲ್ಲಿತ್ತು. ನೋಡಿದೆ. ಚೆನ್ನಾಗಿದೆ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು, ರೂಢಿಯಲ್ಲವೇ.

“ಎಡಗಡೆ ಹುಬ್ಬು ಮೇಲೆ ಹೋಗಿದೆ,” ಅಂದೆ.

ಅವಳ ಕೈ ಗಾಳಿಯಲ್ಲೇ ನಿಂತಿತು. ಎದ್ದು ಹೋಗುತ್ತಾಳೆ ಎಂದುಕೊಂಡೆ.

“ಎಷ್ಟು?” ಅಂದಳು.

ಒಂದು ದಾರದ ಎಳೆಯಷ್ಟು ಎಂದೆ. ಒರೆಸಿ ಮತ್ತೆ ಬರೆದಳು. ಈಗ ಕೆಳಗೆ ಬಂತು. ಅದನ್ನೂ ಹೇಳಿದೆ. ಮೂರನೆಯ ಸಲ ಬರೆಯುವಾಗ ನನ್ನ ಕಣ್ಣಿನಿಂದ ನೀರು ಇಳಿದು ಅವಳ ಬೆರಳಿಗೆ ತಗುಲಿತು. ಒರೆಸಿಕೊಳ್ಳಲು ಕೈ ಎತ್ತಿದೆ. ಅವಳು ನನ್ನ ಕೈ ತಳ್ಳಿ, ತಾನೇ ಕಣ್ಣಿನ ಕೆಳಗೆ ಬೆರಳಿಟ್ಟು, ಉಜ್ಜಬಾರದು, ಒತ್ತಬೇಕು ಎಂದಳು.

ಅಷ್ಟರಲ್ಲಿ ಐದೂವರೆಯಾಯಿತು. ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಹೇಳಲಿಲ್ಲ. ಹೋಗಿ ಕೂರಬೇಕಾದ ಜಾಗ ಎಲ್ಲೂ ಇರಲಿಲ್ಲ. ಪೂರ್ತಿ ತೊಳೆದು ಮೊದಲಿಂದ ಹಚ್ಚು ಎಂದೆ.

ನೀರು ತರಲು ಹೋಗಿದ್ದಾಳೆ. ಬಾಗಿಲು, ಮೇಜು, ಕೊಡ ಎಂದು ತಡಕುತ್ತಾ ಹೋಗುವುದು ಕೇಳಿಸುತ್ತಿದೆ. ಅವಳು ಬರುವಷ್ಟರಲ್ಲಿ ಇದನ್ನು ಮುಗಿಸುತ್ತೇನೆ.

ಇಂತು,
ಗೋಡೆ